ಕೆಲಸವಿಲ್ಲದೆ ಮಂಗಳೂರಿಗೆ

ಕಾಸರಗೋಡು ಕಡೆಯ ನಮಗೆಲ್ಲ ಮಂಗಳೂರು ಎಂದರೆ ಮೂರು ಕೆಲಸಗಳ ಊರು. ಒಂದು ಆಸ್ಪತ್ರೆ, ಎರಡು ಬಜಪೆಯ ವಿಮಾನ ನಿಲ್ದಾಣ, ಮೂರು ಮದುವೆಯ ಜವಳಿ. ಕಾಯಿಲೆಯವರನ್ನು ಸೇರಿಸಲು ಹೋಗುತ್ತೇವೆ, ಗಲ್ಫಿಗೆ ಹೊರಟವರನ್ನು ಬಿಡಲು ಹೋಗುತ್ತೇವೆ, ಸೀರೆ ಚಿನ್ನ ಕೊಳ್ಳಲು ಹೋಗುತ್ತೇವೆ. ಕೆಲಸ ಮುಗಿದೊಡನೆ ಬಸ್ಸಿಗೋ ರೈಲಿಗೋ ಓಡುತ್ತೇವೆ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾದಾಗ ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಸರಕಾರದ ಲೆಕ್ಕದಲ್ಲಿ ನಮ್ಮ ರಾಜಧಾನಿ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ತಿರುವನಂತಪುರ. ಆದರೆ ದಿನದ ಬದುಕಿನಲ್ಲಿ ನಮಗೆ ದೊಡ್ಡ ಪೇಟೆಯೆಂದರೆ ಇಂದಿಗೂ ಐವತ್ತು ಕಿಲೋಮೀಟರ್ ಆಚೆಯ ಮಂಗಳೂರೇ.

ಆ ಪೇಟೆಗೆ ಗಂಡ ಹೆಂಡತಿ ಇಬ್ಬರೇ, ಯಾವ ಕೆಲಸವೂ ಇಲ್ಲದೆ, ಎರಡು ದಿನ ಉಂಡು, ತಿಂದು, ಸಿನಿಮಾ ನೋಡಿ ಬರಲೆಂದು ಹೊರಟದ್ದನ್ನು ನಾವು ಕಂಡದ್ದು ತೀರಾ ಅಪರೂಪ. ಹಾಗೆ ಹೋಗಿ ಬಂದ ಒಂದು ದಂಪತಿಯ ವಿಷಯ ಇಲ್ಲಿ ಬರೆಯುತ್ತಿದ್ದೇವೆ. ನಾವು ಹಿಂದೆ ಸೇವೆ ಮಾಡಿದ ಧರ್ಮಕೇಂದ್ರದವರು ಅವರು. ಹೆಸರು, ವಾರ್ಡು ಹೇಳುವುದಿಲ್ಲ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.

2022ರ ಅಕ್ಟೋಬರ್ ತಿಂಗಳ ಒಂದು ರಾತ್ರಿ ಬೆಂಗಳೂರಿನಿಂದ ಫೋನು ಬಂತು. ಅಲ್ಲಿ ನರ್ಸ್ ಆಗಿರುವ ನಮ್ಮ ಧರ್ಮಕೇಂದ್ರದ ಹುಡುಗಿ. "ಫಾದರ್, ನವೆಂಬರ್‌ನಲ್ಲಿ ಪಪ್ಪ ಮಮ್ಮಿಯ ಮದುವೆಗೆ 25 ವರ್ಷ. ಚಿಕ್ಕಪ್ಪ, ಅತ್ತೆಯವರೆಲ್ಲ ಸೇರಿ ಹಾಲ್ ಮಾಡುವ, ಮುನ್ನೂರು ಜನ ಕರೆಯುವ ಅಂತಿದ್ದಾರೆ. ನೀವು ಹೇಗಾದರೂ ತಪ್ಪಿಸಬೇಕು" ಎಂದಳು. ಯಾಕಮ್ಮಾ ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಬ್ಬರು ಮಾತೇ ಆಡುವುದಿಲ್ಲ ಫಾದರ್. ಸ್ಟೇಜಿನ ಮೇಲೆ ಕೇಕು ಹೇಗೆ ಕತ್ತರಿಸುತ್ತಾರೆ?" ಎಂದಳು.

ಆ ಮಾತು ನಮಗೆ ಹೊಸತಾಗಿರಲಿಲ್ಲ. ಎರಡು ವರ್ಷದಿಂದ ಆಕೆಯ ತಾಯಿ ಆಗಾಗ ಬಂದು ನಮ್ಮ ಕಚೇರಿಯಲ್ಲಿ ಕೂತು ಹೋಗುತ್ತಿದ್ದರು. ಜಗಳವಿಲ್ಲ, ಕುಡಿತವಿಲ್ಲ, ಹೊಡೆತ ಬಡಿತವಿಲ್ಲ. "ಮನೆಯಲ್ಲಿ ಯಾರೋ ಬಾಡಿಗೆಗೆ ಇದ್ದ ಹಾಗೆ ಆಗ್ತದೆ ಫಾದರ್. ಮಗಳ ಹತ್ತಿರ ಹೋಗಿ ಇರುವ ಅಂತ ಉಂಟು" ಎನ್ನುತ್ತಿದ್ದರು. ನಾವು ಬುದ್ಧಿ ಹೇಳುತ್ತಿದ್ದೆವು. ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಓದಿ, ವಿವಾಹ ಸಂಸ್ಕಾರದ ಮೇಲೆ ಪರೀಕ್ಷೆ ಬರೆದು ಒಳ್ಳೆಯ ಅಂಕ ಪಡೆದವರು ನಾವು. ಕ್ಷಮಿಸಿ, ಹೊಂದಿಕೊಳ್ಳಿ, ಕೂಡಿ ಪ್ರಾರ್ಥಿಸಿ ಎಂದು ಹೇಳಿ ಕಳಿಸುತ್ತಿದ್ದೆವು. ಆಕೆ ತಲೆಯಾಡಿಸಿ ಹೋಗುತ್ತಿದ್ದರು. ಮುಂದಿನ ತಿಂಗಳು ಮತ್ತೆ ಅದೇ ಕುರ್ಚಿ, ಅದೇ ಮಾತು.

ಫೋನು ಇಟ್ಟ ಮೇಲೆ ಪೆನ್ಸಿಲು ಹಿಡಿದು ಒಂದು ಲೆಕ್ಕ ಹಾಕಿದೆವು. ಮದುವೆ 1997ರ ನವೆಂಬರ್. ಗಂಡ ದುಬಾಯಿಗೆ ಹೋದದ್ದು 1999ರಲ್ಲಿ. ಅಲ್ಲಿಂದ ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಕೊರೊನಾ ಬಂದು ಕೆಲಸ ಹೋಗಿ, ಊರು ಸೇರಿದ್ದು 2020ರ ಕೊನೆಗೆ. ಎಲ್ಲ ಕೂಡಿಸಿದರೂ 25 ವರ್ಷದ ದಾಂಪತ್ಯದಲ್ಲಿ ಒಂದೇ ಸೂರಿನಡಿ ಕಳೆದದ್ದು ಐದೂವರೆ ವರ್ಷಕ್ಕಿಂತಲೂ ಕಡಿಮೆ. ಆ ರಜೆಯ ದಿನಗಳಾದರೂ ಅವರದ್ದೇ? ನೆಂಟರ ಮನೆ, ಮದುವೆ, ತೊಟ್ಟಿಲು, ಮನೆಯ ಹಂಚು ರಿಪೇರಿ ಎಂದು ಮುಗಿದುಹೋಗುತ್ತಿದ್ದವು. ನಮ್ಮ ಗಡಿನಾಡಿನಲ್ಲಿ ಇಂತಹ ಲೆಕ್ಕದ ಮನೆಗಳು ಎಷ್ಟಿಲ್ಲ!

ಮಗಳದ್ದೇ ಉಪಾಯ. ಹಾಲಿನ ಖರ್ಚಿಗೆಂದು ಇಟ್ಟ ಹಣದಲ್ಲಿ ಹತ್ತು ಸಾವಿರ ರೂಪಾಯಿ ಕಳಿಸುತ್ತೇನೆ, ಅವರಿಬ್ಬರನ್ನು ಎರಡು ದಿನ ಮಂಗಳೂರಿಗೆ ಕಳಿಸಿ, ನಾನು ಹೇಳಿದರೆ ಹೋಗುವುದಿಲ್ಲ, ನೀವು ಹೇಳಿದರೆ ಹೋಗುತ್ತಾರೆ ಎಂದಳು. ನಿಜ ಹೇಳಬೇಕೆಂದರೆ ನಮಗೆ ಮುಜುಗರವಾಯಿತು. ಧರ್ಮಗುರುಗಳು ಜನರನ್ನು ತೀರ್ಥಯಾತ್ರೆಗೆ ಕಳಿಸುವುದುಂಟು, ಧ್ಯಾನಕೂಟಕ್ಕೆ ಕಳಿಸುವುದುಂಟು. ಸಿನಿಮಾಕ್ಕೂ ಹೋಟೆಲಿಗೂ ಕಳಿಸುವುದುಂಟೇ? ವಾರ್ಡಿನ ಗುರ್ಕಾರರ ಕಿವಿಗೆ ಹೇಗೋ ಬಿದ್ದು, "ಎಂತ ಫಾದರ್, ಈ ಪ್ರಾಯದಲ್ಲಿ ಹನಿಮೂನಾ?" ಎಂದು ನಕ್ಕರು. ನಾವೂ ನಕ್ಕೆವು. ಆದರೆ ನಮ್ಮ ಬುದ್ಧಿಮಾತು ಎರಡು ವರ್ಷದಲ್ಲಿ ಏನೂ ಮಾಡಿರಲಿಲ್ಲ ಎಂಬುದೂ ನೆನಪಿತ್ತು.

ಇಬ್ಬರನ್ನೂ ಕರೆಸಿ ಲಕೋಟೆ ಕೊಟ್ಟು ಮೂರು ನಿಬಂಧನೆ ಹಾಕಿದೆವು. ನೆಂಟರ ಮನೆಗೆ ಹೋಗಬಾರದು. ಮನೆಗೆಂದು ಏನೂ ಕೊಳ್ಳಬಾರದು. ರಾತ್ರಿ ಎಂಟಕ್ಕೆ ಮಕ್ಕಳಿಗೊಂದು ಫೋನು ಬಿಟ್ಟರೆ ಮೊಬೈಲು ಮುಟ್ಟಬಾರದು. ಅವರು ಪ್ರಾಯಶ್ಚಿತ್ತ ಕೊಟ್ಟವರ ಹಾಗೆ ತಲೆತಗ್ಗಿಸಿ ಕೇಳಿಸಿಕೊಂಡರು. ಶನಿವಾರ ಬೆಳಗಿನ ರೈಲಿಗೆ ಹೋಗಿ ಭಾನುವಾರ ಸಂಜೆ ಬಂದರು.

ಸೋಮವಾರ ಗಂಡ ಬಂದು ವರದಿ ಒಪ್ಪಿಸಿದರು. ಬುಧವಾರ ಹೆಂಡತಿ ಬಂದರು. ಎರಡೂ ಒಂದೇ ಪ್ರವಾಸದ ಕಥೆಯೆಂದು ನಂಬುವುದು ಕಷ್ಟವಾಗಿತ್ತು.

ಗಂಡನ ವರದಿಯಲ್ಲಿ ಎಲ್ಲವೂ ರೂಪಾಯಿಯ ಲೆಕ್ಕ. ಮಧ್ಯಾಹ್ನ ಎರಡು ಮೀನಿನ ಊಟ, ಒಂದು ಕಾಣೆ ರವಾ ಫ್ರೈ, ಒಂದು ಬಂಗುಡೆ ಪುಳಿಮುಂಚಿ. "ರೇಟು ಹೆಚ್ಚು, ಆದರೆ ಮೀನು ತಾಜಾ, ಸುಳ್ಳು ಹೇಳಬಾರದು." ಊಟದ ನಂತರ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಶಾಲೆಯಲ್ಲಿದ್ದಾಗ ಟೂರಿನಲ್ಲಿ ನೋಡಿದ್ದಂತೆ. ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಆ ಗೋಡೆ, ಮಾಳಿಗೆಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದರು. ನೋಡಲು ದೂರದೂರದಿಂದ ಜನ ಬರುತ್ತಾರೆ. ನಮ್ಮವರು ತಲೆಯೆತ್ತಿ ಬಹಳ ಹೊತ್ತು ನೋಡಿ, "ಇಷ್ಟು ಎತ್ತರದಲ್ಲಿ ಧೂಳು ಹೊಡೆಯುವವರು ಯಾರು?" ಎಂದು ಹೆಂಡತಿಯನ್ನು ಕೇಳಿದರಂತೆ. ಆ ಪ್ರಶ್ನೆ ಏಕೆ ಬಂತೆಂದು ನಮಗೆ ಬುಧವಾರ ಗೊತ್ತಾಯಿತು.

ಸಂಜೆ ಹಂಪನಕಟ್ಟೆಯ ಐಡಿಯಲ್‌ನಲ್ಲಿ ಗಡ್‌ಬಡ್. 1975ರಲ್ಲಿ ಶುರುವಾದ ಐಸ್‌ಕ್ರೀಮ್ ಅಂಗಡಿ ಅದು. ಎತ್ತರದ ಗ್ಲಾಸಿನಲ್ಲಿ ಐಸ್‌ಕ್ರೀಮ್, ಹಣ್ಣು, ಜೆಲ್ಲಿ, ಗೋಡಂಬಿ ಒಂದರ ಮೇಲೊಂದು. ಒಂದು ಗ್ಲಾಸು ಎರಡು ಚಮಚ ಕೇಳಿದ್ದು ಹಣ ಉಳಿಸಲಿಕ್ಕೆ ಎಂದು ಗಂಡ ಹೇಳಿದರು. ರಾತ್ರಿ ಮಾಲ್‌ನಲ್ಲಿ 'ಕಾಂತಾರ'. ಸಿನಿಮಾ ಬಂದು ಒಂದೂವರೆ ತಿಂಗಳಾಗಿದ್ದರೂ ಜನ ತುಂಬಿತ್ತು. "ಪಾಪ್‌ಕಾರ್ನ್‌ಗೆ ಕೊಟ್ಟ ದುಡ್ಡಿಗೆ ಅರ್ಧ ಕಿಲೋ ಅಂಜಲ್ ಬರ್ತಿತ್ತು ಫಾದರ್!" ಲಕೋಟೆಯಲ್ಲಿ ಉಳಿದದ್ದು ಸಾವಿರದ ಇನ್ನೂರು. ಅದನ್ನು ಮೇಜಿನ ಮೇಲಿಟ್ಟು, ಎರಡನೆಯ ನಿಬಂಧನೆ ಮುರಿದದ್ದನ್ನೂ ಒಪ್ಪಿಕೊಂಡರು. ಹೆಂಡತಿ ಕುಕ್ಕರಿನ ರಬ್ಬರ್ ಕೊಂಡಿದ್ದರು.

ಹೆಂಡತಿಯ ವರದಿಯಲ್ಲಿ ರೂಪಾಯಿಯ ಮಾತೇ ಇರಲಿಲ್ಲ.

"ರೈಲಿನಲ್ಲಿ ಕುಂಬಳೆ, ಉಪ್ಪಳ, ಮಂಜೇಶ್ವರ ದಾಟಿದರೂ ಒಂದು ಮಾತಿಲ್ಲ ಫಾದರ್. ನೇತ್ರಾವತಿ ಸೇತುವೆ ಬರುವಾಗ ನೀರು ನೋಡಿ 'ಮಳೆ ಚೆನ್ನಾಗಿ ಬಂದಿದೆ' ಅಂದರು. ಅಷ್ಟೇ." ಹೋಟೆಲಿನಲ್ಲಿ ಊಟ ಮುಗಿದು ಕೈ ತೊಳೆಯಲು ಏಳುವಾಗ ಆಕೆ ಅಭ್ಯಾಸಬಲದಿಂದ ತನ್ನ ತಟ್ಟೆಯನ್ನೂ ಗಂಡನ ತಟ್ಟೆಯನ್ನೂ ಎತ್ತಿಕೊಂಡರಂತೆ. ಬಡಿಸುವ ಹುಡುಗ ಓಡಿ ಬಂದು ಇಸಿದುಕೊಂಡ. "ಇನ್ನೊಬ್ಬರು ಬಡಿಸಿ, ನಾನು ಕೂತು ಬಿಸಿಬಿಸಿ ಉಂಡದ್ದು ಯಾವಾಗಂತ ನೆನಪೇ ಆಗಲಿಲ್ಲ. ಇವರೂ ಅದನ್ನು ನೋಡಿದರು, ಏನೂ ಹೇಳಲಿಲ್ಲ. ಆದರೆ ಪುಳಿಮುಂಚಿ ನನ್ನ ಕಡೆ ತಳ್ಳಿದ್ದರು ಅಂತ ಆಮೇಲೆ ತೋಚಿತು."

ಹಿಂದೆ ಇಬ್ಬರೂ ಕೂಡಿ ಸಿನಿಮಾ ನೋಡಿದ್ದು ಮದುವೆಯಾದ ತಿಂಗಳು, ಜ್ಯೋತಿ ಟಾಕೀಸಿನಲ್ಲಿ. ಅದು ಯಾವ ಸಿನಿಮಾ ಎಂಬುದರ ಮೇಲೆ ಮಾಲ್‌ನ ಮೆಟ್ಟಿಲಲ್ಲಿ ಇಬ್ಬರಿಗೂ ವಾದವಾಯಿತಂತೆ. "ಎರಡು ವರ್ಷದಲ್ಲಿ ನಾವು ಮಾಡಿದ ಮೊದಲ ಒಳ್ಳೆಯ ಜಗಳ ಫಾದರ್" ಎಂದು ನಕ್ಕರು. ಕಾಂತಾರದ ಕೊನೆಗೆ ದೈವ ಕೂಗುವಾಗ ಆಕೆಗೆ ಹೆದರಿಕೆಯಾಗಿ ಗಂಡನ ತೋಳು ಹಿಡಿದುಕೊಂಡರು. ದೀಪ ಹತ್ತಿದ ಮೇಲೆ ಬಿಟ್ಟರು.

ಬಾಡಿಗೆ ಕೋಣೆಯ ಕಥೆ ಹೇಳುವಾಗ ಮಾತ್ರ ಆಕೆ ನಡುನಡುವೆ ನಿಲ್ಲಿಸಿದರು.

ಶನಿವಾರ ಮಧ್ಯಾಹ್ನವೇ ಕೋಣೆಗೆ ಹೋಗಿದ್ದರು. ಬಾಗಿಲು ತೆರೆದರೆ ಒಳಗೆ ಕತ್ತಲೆ, ಎಷ್ಟು ಸ್ವಿಚ್ಚು ಒತ್ತಿದರೂ ದೀಪವಿಲ್ಲ. ಗಂಡ ಸದ್ದಿಲ್ಲದೆ ಕೈಯಲ್ಲಿದ್ದ ಕಾರ್ಡನ್ನು ಗೋಡೆಯ ಸಂದಿಗೆ ತೂರಿಸಿದರು, ದೀಪ ಫ್ಯಾನು ಎಲ್ಲ ಒಮ್ಮೆಗೇ ಬಂದವು. ಮತ್ತೆ ಗಂಡ ಮಂಚದ ಸುತ್ತ ಒಂದು ಸುತ್ತು ಬಂದು ಹಾಸಿಗೆಯ ಮೂಲೆ ಎತ್ತಿ ನೋಡಿದರು. ಬಚ್ಚಲಿನ ಕನ್ನಡಿಯ ಮೇಲೆ ಬೆರಳಾಡಿಸಿದರು. ಕಿಟಕಿಯ ಅಂಚು ಮುಟ್ಟಿ ಬೆರಳ ತುದಿ ನೋಡಿಕೊಂಡರು. ಆಕೆಗೆ ಏನೂ ಅರ್ಥವಾಗಲಿಲ್ಲ.

ಭಾನುವಾರ ಬೆಳಿಗ್ಗೆ ಮಿಲಾಗ್ರಿಸ್ ಚರ್ಚಿನ ಪೂಜೆಗೆ ಹೊರಡಲು ಆಕೆ ಸ್ನಾನ ಮುಗಿಸಿ ಬಂದರೆ ಹಾಸಿಗೆ ಹೊಸದರ ಹಾಗೆ ಹಾಸಿ ಆಗಿದೆ. ಚಾದರದಲ್ಲಿ ಒಂದು ಸುಕ್ಕಿಲ್ಲ. ಮೂಲೆಗಳು ಲಕೋಟೆಯ ಹಾಗೆ ಮಡಿಸಿವೆ. ಮಂಚದ ನಡುವೆ ಬಿಳಿ ಟವೆಲಿನಿಂದ ಮಾಡಿದ ಒಂದು ಹಂಸ, ಉದ್ದ ಕತ್ತು ಬಗ್ಗಿಸಿ ಕೂತಿದೆ.

"ಇದು ಯಾರು ಮಾಡಿದ್ದು?" ಎಂದು ಕೇಳಿದರು.

"ನಾನೇ. ಇದೇ ಅಲ್ಲವಾ ನನ್ನ ಕೆಲಸ?" ಎಂದರು ಗಂಡ. "ದಿನಕ್ಕೆ ಹದಿನಾಲ್ಕು ಕೋಣೆ. ಹೊಸದಾಗಿ ಮದುವೆಯಾದವರು ಬಂದರೆ ಎರಡು ಹಂಸ, ಮುಖಕ್ಕೆ ಮುಖ ಇಟ್ಟು. ಇಲ್ಲಿ ಒಂದೇ ದೊಡ್ಡ ಟವೆಲು ಉಂಟು."

ಓದುಗರೇ, ಇಪ್ಪತ್ತೊಂದು ವರ್ಷ ಆ ಮನುಷ್ಯ ಬೇರೆ ಗಂಡಹೆಂಡಿರಿಗೆ ಹಾಸಿಗೆ ಹಾಸಿದ್ದಾರೆ. ಊರಿನಲ್ಲಿ ಕೇಳಿದವರಿಗೆ "ದುಬಾಯಿಯಲ್ಲಿ ಹೋಟೆಲಿನಲ್ಲಿ ಇದ್ದೇನೆ" ಎಂದಷ್ಟೇ ಹೇಳಿದ್ದಾರೆ. ಹೆಂಡತಿಗೂ ಅಷ್ಟೇ. ಎ.ಸಿ. ಉಂಟು, ಸುಲಭದ ಕೆಲಸ ಎಂದಿದ್ದಾರೆ. ಸೊಂಟ ನೋವಿನ ಮಾತು ಎತ್ತಿಲ್ಲ. ಕಕ್ಕಸು ತೊಳೆಯುವ ಮಾತಂತೂ ಇಲ್ಲವೇ ಇಲ್ಲ. "ನಾನೂ ಕೇಳಲಿಲ್ಲ ಫಾದರ್" ಎಂದರು ಆಕೆ. "ಡ್ರಾಫ್ಟು ಬಂತಾ, ಫೀಸು ಕಟ್ಟಿದ್ದಾಯಿತಾ, ಅಷ್ಟೇ ಮಾತು. ಫೋನಿಗೆ ದುಡ್ಡು ಹೋಗ್ತದೆ ಅಂತ ಬೇಗ ಇಡ್ತಿದ್ದೆವು." ಆ ಹಂಸವನ್ನು ನೋಡಿ ಮೊದಲು ನಗು ಬಂತಂತೆ. ಆಮೇಲೆ ಮಂಚದ ಅಂಚಿಗೆ ಕೂತು ಅತ್ತರಂತೆ.

ಪೂಜೆ ಮುಗಿಸಿ, ಬನ್ಸು, ಚಹಾ ತೆಗೆದುಕೊಳ್ಳುವಾಗ ಗಂಡ ತಾನಾಗಿಯೇ ಕೇಳಿದರು. "ಅಮ್ಮನನ್ನು ಕರೆದುಕೊಂಡು ಬರ್ತಿದ್ದ ಆಸ್ಪತ್ರೆ ಎಲ್ಲಿ?"

ಅವರ ಅಮ್ಮನಿಗೆ ಎರಡೂ ಮೂತ್ರಪಿಂಡಗಳು ಕೆಟ್ಟಿದ್ದವು. ಎರಡೂವರೆ ವರ್ಷ, ವಾರಕ್ಕೆ ಎರಡು ಸಲ ಡಯಾಲಿಸಿಸ್. ಸೊಸೆ ಬೆಳಗಿನ ಜಾವ ಅವರನ್ನು ಎಬ್ಬಿಸಿ, ರಿಕ್ಷಾ, ಬಸ್ಸು ಹತ್ತಿಸಿ ತಲಪಾಡಿ ಗಡಿ ದಾಟಿ ಕರೆತರುತ್ತಿದ್ದರು. ಗಂಡ ಫೋನಿನಲ್ಲಿ ಕೇಳಿದರೆ "ಅಮ್ಮ ಹುಷಾರಿದ್ದಾರೆ, ನೀವು ತಲೆಬಿಸಿ ಮಾಡಬೇಡಿ" ಎನ್ನುತ್ತಿದ್ದರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ಕಾಸರಗೋಡಿನ ರೋಗಿಗಳನ್ನು ಮಂಗಳೂರಿಗೆ ಬಿಡಬೇಕೋ ಬಿಡಬಾರದೋ ಎಂಬ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋದದ್ದು ನಿಮಗೆ ನೆನಪಿರಬಹುದು. ಆ ಏಪ್ರಿಲ್‌ನಲ್ಲಿ ಗಡಿಯ ಈಚೆಯೇ ಅಮ್ಮ ತೀರಿಕೊಂಡರು. ಮಣ್ಣು ಮಾಡಿದ್ದು ನಾವೇ. ಇಪ್ಪತ್ತು ಜನಕ್ಕಷ್ಟೇ ಅವಕಾಶವಿತ್ತು. ವಿಮಾನಗಳು ನಿಂತುಹೋಗಿ ಮಗ ಬರಲಾಗಲಿಲ್ಲ. ಮೊಬೈಲಿನಲ್ಲಿ ಯಾರೋ ಹಿಡಿದು ತೋರಿಸಿದರು.

ಊರಿಗೆ ಬಂದ ಮೇಲೆ ಆ ವಿಷಯ ಇಬ್ಬರೂ ಎತ್ತಿರಲಿಲ್ಲ. ಬರಲಾಗಲಿಲ್ಲವಲ್ಲ ಎಂಬ ನಾಚಿಕೆ ಗಂಡನಿಗೆ. ಎಲ್ಲ ನಾನೊಬ್ಬಳೇ ಹೊತ್ತೆನಲ್ಲ, ಒಂದು ಮಾತೂ ಕೇಳಲಿಲ್ಲವಲ್ಲ ಎಂಬ ಸಿಟ್ಟು ಹೆಂಡತಿಗೆ.

ಊಟ, ಸಿನಿಮಾ, ಐಸ್‌ಕ್ರೀಮಿಗೆಂದು ಪೇಟೆಗೆ ಬಂದವರು ಭಾನುವಾರ ಬೆಳಿಗ್ಗೆ ಆಸ್ಪತ್ರೆಗೆ ನಡೆದರು. ಹಂಪನಕಟ್ಟೆಯ ವಾಹನಗಳ ನಡುವೆ ಹೆಂಡತಿ ಮುಂದೆ, ಗಂಡ ಹಿಂದೆ. ಯಾವ ಗೇಟು, ಯಾವ ಮೆಟ್ಟಿಲು, ಯಾವ ಕೌಂಟರಿನಲ್ಲಿ ಚೀಟಿ ಎಂದು ಆಕೆಗೆ ಕಣ್ಣುಮುಚ್ಚಿದರೂ ಗೊತ್ತು. ಡಯಾಲಿಸಿಸ್ ವಿಭಾಗದ ಹೊರಗೆ ಉದ್ದದ ಒಂದು ಬೆಂಚು. "ಇಲ್ಲಿ ಕೂರ್ತಿದ್ದೆ, ನಾಲ್ಕು ಗಂಟೆ" ಎಂದು ತೋರಿಸಿದರು. ಗಂಡ ಆ ಬೆಂಚಿನ ಮೇಲೆ ಕೂತರು. ಆಕೆಯೂ ಕೂತರು. ಅರ್ಧ ಗಂಟೆ ಹಾಗೇ ಇದ್ದರಂತೆ. ಆಗ ಗಂಡ ಏನು ಹೇಳಿದರೆಂದು ನಾವು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಗಂಡನ ಸೋಮವಾರದ ವರದಿಯಲ್ಲಿ ಆ ಅರ್ಧ ಗಂಟೆ ಇರಲೇ ಇಲ್ಲ.

ಮಧ್ಯಾಹ್ನ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಫಲ್ಗುಣಿ ನದಿ ದಾಟಿ ತಣ್ಣೀರುಬಾವಿಯ ಕಡಲ ತೀರಕ್ಕೆ ಹೋದರು. ಗಾಳಿಮರದ ನೆರಳಿನಲ್ಲಿ ಕೂತು ಚುರುಮುರಿ ತಿಂದರು. ಹಿಂದೆ ಬರುವ ರೈಲಿನಲ್ಲಿ ಮಂಜೇಶ್ವರದವರೆಗೂ ಮಾತು, ಆಮೇಲೆ ಆಕೆಗೆ ಗಂಡನ ಹೆಗಲ ಮೇಲೆ ನಿದ್ದೆ.

ಇಷ್ಟನ್ನು ಕೇಳಿ ಆಕೆಯನ್ನು ಬೀಳ್ಕೊಟ್ಟ ಮೇಲೆ ನಾವು ನಮ್ಮ ತಾಯಿಯನ್ನು ನೆನೆದೆವು. ನಮ್ಮ ತಂದೆಯವರು ಕೆಟ್ಟವರಲ್ಲ, ದುಡಿದು ನಮ್ಮನ್ನೆಲ್ಲ ಓದಿಸಿದವರು. ಆದರೆ ತಾಯಿಯನ್ನು ಹೋಟೆಲಿಗೆ ಕರೆದುಕೊಂಡು ಹೋದದ್ದು ಜೀವಮಾನದಲ್ಲಿ ಒಂದೇ ಸಲ. ತಾಯಿಯ ಕಣ್ಣಿನ ಪೊರೆ ತೆಗೆಸಲು ಮಂಗಳೂರಿಗೆ ಹೋದಾಗ ಬಸ್ ಸ್ಟ್ಯಾಂಡಿನ ಹತ್ತಿರ ಇಬ್ಬರೂ ನಿಂತುಕೊಂಡೇ ಚಹಾ ಕುಡಿದರು. ಆ ಚಹಾದ ವಿಷಯ ತಾಯಿ ಎಷ್ಟೋ ವರ್ಷ ಹೇಳುತ್ತಿದ್ದರು. ಏಲಕ್ಕಿ ಹಾಕಿದ್ದರು, ಗ್ಲಾಸು ಬಿಸಿಯಿತ್ತು, ನಿಮ್ಮಪ್ಪ ತನ್ನ ಕರ್ಚೀಪು ಸುತ್ತಿ ಕೊಟ್ಟರು ಎಂದು. ಮಕ್ಕಳಾದ ನಾವು ನಗುತ್ತಿದ್ದೆವು. ಅದರ ಬೆಲೆ ನಮಗೆ ತಿಳಿದದ್ದು ಬಹಳ ತಡವಾಗಿ, ಅದೂ ಪರರ ಮನೆಯ ಕಥೆ ಕೇಳಿದ ಮೇಲೆ.

ಕಾನಾ ಊರಿನ ಮದುವೆಯ ಬಗ್ಗೆ ನಾವು ಎಷ್ಟು ಮದುವೆಗಳಲ್ಲಿ ಪ್ರಬೋಧನೆ ಕೊಟ್ಟಿಲ್ಲ! ದ್ರಾಕ್ಷಾರಸ ಮುಗಿದದ್ದು ಮದುವೆಯ ದಿನವೇ ಆದದ್ದರಿಂದ ಅಲ್ಲಿ ಗಮನಿಸುವವರಿದ್ದರು. ಹತ್ತನೆಯ, ಇಪ್ಪತ್ತೈದನೆಯ ವರ್ಷದಲ್ಲಿ ಮುಗಿದರೆ ನಮ್ಮಲ್ಲಿ ಯಾರು ಗಮನಿಸುತ್ತಾರೆ? ರೋಸಿಗೆ, ಮದುವೆಯ ಹಾಲಿಗೆ, ಕೇಕಿಗೆ, ವಿಡಿಯೋಕ್ಕೆ ಸಾಲ ಮಾಡಿಯಾದರೂ ಲಕ್ಷಗಟ್ಟಲೆ ಸುರಿಯುತ್ತೇವೆ. ಆಮೇಲಿನ ವರ್ಷಗಳಿಗೆ ಒಂದು ಚಹಾದ ಖರ್ಚನ್ನೂ ಇಡುವುದಿಲ್ಲ. ಬಡತನದಿಂದ ಇಡಲಾಗದವರ ಮಾತು ಬೇರೆ. ಇದ್ದವರೂ ಇಡುವುದಿಲ್ಲ, ನಾಚುತ್ತಾರೆ.

ಎರಡು ದಿನ ಪೇಟೆಗೆ ಹೋದರೆ ಎಲ್ಲವೂ ಸರಿಯಾಗುತ್ತದೆ ಎಂದು ನಾವು ಹೇಳುತ್ತಿಲ್ಲ. ಮಾಲ್‌ನಲ್ಲಿ ಎದುರುಬದುರು ಕೂತು ತಮ್ಮ ತಮ್ಮ ಮೊಬೈಲು ನೋಡುವ ಜೋಡಿಗಳನ್ನು ನಾವೂ ಕಂಡಿದ್ದೇವೆ. ಈ ದಂಪತಿಯೂ ಈಗ ಸಿನಿಮಾದ ಜೋಡಿಯ ಹಾಗೆ ಆಗಿಲ್ಲ. ವಾದಗಳು ಇವೆ, ಮುನಿಸು ಉಂಟು. ಆದರೆ ಆಕೆ ಮಗಳ ಹತ್ತಿರ ಹೋಗಿ ಇರುವ ಮಾತು ಬಿಟ್ಟಿದ್ದಾರೆ. ಒಬ್ಬರಿಗೊಬ್ಬರು ನೋವಾಗದಿರಲೆಂದು "ಸೌಖ್ಯವೇ?" "ಸೌಖ್ಯ" ಎಂದು ಇಪ್ಪತ್ತೊಂದು ವರ್ಷ ಹೇಳಿಕೊಂಡವರಿಗೆ, ಸೌಖ್ಯವಿಲ್ಲದ್ದನ್ನು ಹೇಳಿಕೊಳ್ಳಲು ಮನೆಯ ಗೋಡೆಯ ಹೊರಗೆ ಎರಡು ದಿನ ಬೇಕಾಯಿತು. ಮನೆಯಲ್ಲಿ ಆ ಮಾತಿಗೆ ಜಾಗ ಸಿಗುತ್ತಿರಲಿಲ್ಲ. ಹಸುವಿಗೆ ಹುಲ್ಲು, ಒಲೆಗೆ ಸೌದೆ, ಬಾಗಿಲಲ್ಲಿ ನೆಂಟರು.

ಬೆಳ್ಳಿಹಬ್ಬದ ದಿನ ಹಾಲಿರಲಿಲ್ಲ. ಬೆಳಗಿನ ಪೂಜೆಯಲ್ಲಿ ಆಶೀರ್ವಾದ, ಆಮೇಲೆ ಮನೆಯಲ್ಲಿ ಮಕ್ಕಳೊಡನೆ ಸಾನ್ನಾ, ಕೋಳಿ ಸಾರು. ಕೇಕು ಇತ್ತು. ಕತ್ತರಿಸುವಾಗ ಮಗಳು ನಮ್ಮ ಮುಖ ನೋಡಿದಳು. ಮುಂದಿನ ಶನಿವಾರ ಗಂಡ ಚರ್ಚಿಗೆ ಬಂದು, ಬಲಿಪೀಠದ ಬಟ್ಟೆ ಹಾಸುವ ಕೆಲಸ ತನಗೆ ಕೊಡಬಹುದೇ ಎಂದು ಕೇಳಿದರು. ಅಲ್ಲಿಂದ ನಾವು ಆ ಧರ್ಮಕೇಂದ್ರ ಬಿಡುವವರೆಗೂ ಅವರೇ ಹಾಸುತ್ತಿದ್ದರು. ಒಂದು ಸುಕ್ಕು ಕಂಡದ್ದಿಲ್ಲ.

ಈ ಬರಹವನ್ನು ಅಚ್ಚಿಗೆ ಕೊಡುವ ಮುನ್ನ ಇಬ್ಬರಿಗೂ ಓದಲು ಕಳಿಸಿದೆವು. ಗಂಡ ಮೀನಿನ ಹೆಸರು ತಿದ್ದಿದರು. ಹೆಂಡತಿ ಎರಡು ಸಾಲು ಹೊಡೆದುಹಾಕಿ, ಬದಿಯಲ್ಲಿ ಹೀಗೆ ಬರೆದು ಕಳಿಸಿದರು: "ಈ ಸಲ ಡಿಸೆಂಬರಿನಲ್ಲಿ ಉಡುಪಿಗೆ ಹೋಗುವ ಅಂತ ಇದ್ದೇವೆ. ಲಕೋಟೆ ಬೇಡ ಫಾದರ್, ನಾವೇ ಕೂಡಿಸಿದ್ದೇವೆ."